ಹಳೆ ಗೇಮ್ ಕನ್ಸೋಲ್ ಕೆಳಗಿಳಿಸಿದಿರಾ? ಸ್ವಿಚ್ ಹಾಕಬೇಡಿ, ತಾಳಿ

ಅಟ್ಟದಿಂದ ಹಳೆಯ ಗೇಮ್ ಕನ್ಸೋಲ್ ಕೆಳಗಿಳಿಯಿತು ಅಂದರೆ ಮನೆಯಲ್ಲಿ ಎಲ್ಲರಿಗೂ ಅವಸರವೋ ಅವಸರ. ಧೂಳು ಕೂಡ ಒರೆಸಿರುವುದಿಲ್ಲ, ಆಗಲೇ ಪ್ಲಗ್ ಚುಚ್ಚಿ ಸ್ವಿಚ್ ಒತ್ತಿ ಆಗಿರುತ್ತದೆ. ನಾನು ಹೇಳುವುದು ಇಷ್ಟೇ: ಅದೊಂದು ಸಂಜೆ ತಾಳಿ. ಮೂವತ್ತು ವರ್ಷ ಸುಮ್ನೆ ಕೂತಿದ್ದ ಯಂತ್ರ ತಾನಾಗಿ ಕೆಡುವುದು ಕಮ್ಮಿ. ನಾವು ಕೆಡಿಸುವುದೇ ಜಾಸ್ತಿ, ಅದೂ ಮೊದಲ ಐದು ನಿಮಿಷದಲ್ಲಿ.

ನಾನೇ ಕೆಡಿಸಿದ್ದೇನೆ. ಒಂದೇ ಚೀಲದಲ್ಲಿ ನಾಲ್ಕು ಕಪ್ಪು ಅಡಾಪ್ಟರ್ ತುಂಬಿಟ್ಟಿದ್ದೆ. ಕೈಗೆ ಮೊದಲು ಸಿಕ್ಕಿದ್ದನ್ನು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನುವ ಕನ್ಸೋಲಿಗೆ ಚುಚ್ಚಿದೆ. ಪಿನ್ನು ಸಲೀಸಾಗಿ ಕೂತಿತು. ಕೂತಿತಲ್ಲ, ಇನ್ನೇನು ಅಂತ ಸ್ವಿಚ್ ತಳ್ಳಿದೆ. ಟಿವಿಯಲ್ಲಿ ಏನೂ ಬರಲಿಲ್ಲ, ಸುಟ್ಟ ವಾಸನೆ ಮಾತ್ರ ಬಂತು. ನಾನು ಚುಚ್ಚಿದ್ದು ಎನ್‌ಇಎಸ್‌ನ ಅಡಾಪ್ಟರ್. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಅಣ್ಣ, 1985ರಲ್ಲಿ ಅಮೆರಿಕಕ್ಕೆ ಹೋದ ಎನ್‌ಇಎಸ್ ತಮ್ಮ. ಹೊಟ್ಟೆಯೊಳಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ತಮ್ಮನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ, ಅದನ್ನು ಡಿಸಿ ಮಾಡಿಕೊಳ್ಳುವ ಏರ್ಪಾಟು ಅವನ ಒಳಗೇ ಇದೆ. ಅಣ್ಣನಿಗೆ ಆ ಏರ್ಪಾಟಿಲ್ಲ. ಅವನಿಗೆ ಹೊರಗಿನಿಂದಲೇ 10 ವೋಲ್ಟ್ ಡಿಸಿ ಬರಬೇಕು. ಪಿನ್ನು ಕೂತ ಮಾತ್ರಕ್ಕೆ ಸಂಬಂಧ ಕೂಡಿಬಂತು ಅಂತಲ್ಲ, ಅಲ್ವಾ?

ಅಡಾಪ್ಟರಿನ ಬೆನ್ನ ಮೇಲೆ ಬರೆದದ್ದನ್ನು ಓದುವುದು ಕಷ್ಟವೇನಲ್ಲ. ‘ಇನ್‌ಪುಟ್’ ಅಂತ ಇರುವ ಸಾಲು ಗೋಡೆಯಿಂದ ಅದಕ್ಕೆಷ್ಟು ಬೇಕು ಅಂತ ಹೇಳುತ್ತದೆ. ಜಪಾನಿನದಕ್ಕೆ 100 ವೋಲ್ಟ್, ಅಮೆರಿಕದ್ದಕ್ಕೆ 120. ಇವನ್ನು 230 ವೋಲ್ಟಿನ ಗೋಡೆಗೆ ನೇರ ಚುಚ್ಚಿದರೆ ಅಡಾಪ್ಟರ್ ಸುಟ್ಟು ಕರಕಲು. ‘ಔಟ್‌ಪುಟ್’ ಸಾಲಿನಲ್ಲಿ ಮೂರು ವಿಷಯ ನೋಡಿಕೊಳ್ಳಿ: ಎಸಿಯೋ ಡಿಸಿಯೋ, ಎಷ್ಟು ವೋಲ್ಟ್, ಎಷ್ಟು ಆಂಪ್ಸ್. ವೋಲ್ಟ್ ಹೊಂದಬೇಕು. ಆಂಪ್ಸ್ ಕಮ್ಮಿ ಆಗಬಾರದು, ಜಾಸ್ತಿ ಇದ್ದರೆ ತೊಂದರೆಯಿಲ್ಲ. ಯಂತ್ರ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಪುಟ್ಟ ಚಿತ್ರ ಇರುತ್ತದೆ, ನಡುವೆ ಚುಕ್ಕೆ, ಸುತ್ತ ಅರ್ಧ ಬಳೆ, ಎರಡು ತುದಿಗೆ ಪ್ಲಸ್ ಮತ್ತು ಮೈನಸ್. ಚುಕ್ಕೆಗೆ ಸೇರಿದ ಗೆರೆ ಯಾವ ಗುರುತಿನದೋ ಪಿನ್ನಿನ ಒಳಭಾಗ ಅದೇ. ಫ್ಯಾಮಿಕಾಮ್‌ಗೆ ಒಳಗೆ ಮೈನಸ್. ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲಿನ ಮೊದಲ ಮಾದರಿಗೂ ಒಳಗೆ ಮೈನಸ್, ಅದರದೇ ಎರಡನೆಯ ಮಾದರಿಗೆ ಒಳಗೆ ಪ್ಲಸ್. 1977ರ ಅಟಾರಿ ಕನ್ಸೋಲಿನ ಪಿನ್ನಂತೂ ನೋಡಲು ಹೆಡ್‌ಫೋನ್ ಪಿನ್ನಿನ ಹಾಗೇ ಇರುತ್ತದೆ. ಹೀಗಾಗಿ ನೆನಪಿನ ಮೇಲೆ ಹೋಗಬೇಡಿ, ಓದಿ.

ಮಲ್ಟಿಮೀಟರ್ ಇದ್ದರೆ ಒಮ್ಮೆ ಅಳೆಯಿರಿ. ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಅಡಾಪ್ಟರ್ ಏನೂ ಜೋಡಿಸದಾಗ 9ರ ಬದಲು 12, 13 ವೋಲ್ಟ್ ತೋರಿಸೀತು. ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ವೈರು ಬಿರುಕು ಬಿಟ್ಟಿದ್ದರೆ, ಡಬ್ಬ ಊದಿಕೊಂಡಿದ್ದರೆ ಮೋಹ ಬಿಟ್ಟು ಎಸೆಯಿರಿ. ಅದೇ ಲೆಕ್ಕದ ಹೊಸ ಅಡಾಪ್ಟರ್ ತನ್ನಿ. ಕನ್ಸೋಲ್ ಹಳೆಯದಿರಲಿ, ಅಡಾಪ್ಟರ್ ಹೊಸದಿರಲಿ ಅನ್ನುವವಳು ನಾನು.

ಇನ್ನು ಟಿವಿ. ಕನ್ಸೋಲಿನ ಹಿಂದೆ ಮುಂದೆ ತಿರುಗಿಸಿ ನೋಡಿ, ಹಳದಿ ತೂತು ಇದ್ದರೆ ನಿಮ್ಮ ಅದೃಷ್ಟ. ಎನ್‌ಇಎಸ್‌ಗೆ ಬಲಮಗ್ಗುಲಲ್ಲಿ ಹಳದಿ, ಕೆಂಪು ಎರಡು ತೂತು. ಹಳದಿ ಚಿತ್ರಕ್ಕೆ, ಕೆಂಪು ಧ್ವನಿಗೆ. ಧ್ವನಿ ಒಂದೇ ಇರುವುದರಿಂದ ಟಿವಿಯ ಕಡೆ ಅದನ್ನು ಬಿಳಿ ತೂತಿಗೆ ಚುಚ್ಚಿ. ಮೊದಲ ಫ್ಯಾಮಿಕಾಮ್, ಅಟಾರಿ ಮುಂತಾದವಕ್ಕೆ ಈ ಸುಖವಿಲ್ಲ. ಆಂಟೆನಾ ತೂತಿನ ಮೂಲಕ ಚಾನೆಲ್ ಹುಡುಕಬೇಕು. ಅಮೆರಿಕದ ಎನ್‌ಇಎಸ್ ಅನ್ನೂ ಹೀಗೆ ಜೋಡಿಸಿದರೆ 3 ಅಥವಾ 4. ಫ್ಯಾಮಿಕಾಮ್ ಜಪಾನಿನ 1 ಅಥವಾ 2ನೇ ಚಾನೆಲ್‌ನಲ್ಲಿ ಬರುತ್ತದೆ. ಆ ಚಾನೆಲ್‌ಗಳು ಬೇರೆ ದೇಶಗಳ ಎಫ್‌ಎಂ ರೇಡಿಯೋ ಇರುವ ಜಾಗದಲ್ಲಿ ಕೂರುತ್ತವೆ, ಹಾಗಾಗಿ ಎಷ್ಟೋ ಟಿವಿಗಳಿಗೆ ಅದು ಸಿಗುವುದೇ ಇಲ್ಲ. ಕನ್ಸೋಲ್ ಕೆಟ್ಟಿದೆ ಅಂತ ಬಿಚ್ಚಲು ಕೂರುವ ಮೊದಲು ಇದು ನೆನಪಿರಲಿ. ಚಿತ್ರ ಬಂದು ಬಣ್ಣ ಬರದಿದ್ದರೆ ಎನ್‌ಟಿಎಸ್‌ಸಿ, ಪಾಲ್ ಅನ್ನುವ ಎರಡು ಟಿವಿ ಪದ್ಧತಿಗಳ ಜಗಳ. ಟಿವಿಯ ಸೆಟ್ಟಿಂಗ್‌ನಲ್ಲಿ ಬದಲಾಯಿಸಿ ನೋಡಿ.

ಟ್ಯೂಬ್ ಇರುವ ಹಳೆ ಡಬ್ಬ ಟಿವಿ ಮನೆಯಲ್ಲಿದ್ದರೆ ದಯವಿಟ್ಟು ಮಾರಬೇಡಿ. ಈ ಆಟಗಳನ್ನು ಅದಕ್ಕೆಂದೇ ಮಾಡಿದ್ದು. ಹೊಸ ಚಪ್ಪಟೆ ಟಿವಿ ಬಂದ ಚಿತ್ರವನ್ನು ಮೊದಲು ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಒಂದು ವಾರ ಪೂರ್ತಿ ನಾನು ಹಾರಿದಲ್ಲೆಲ್ಲ ಹಳ್ಳಕ್ಕೆ ಬೀಳುತ್ತಿದ್ದೆ. ಬೆರಳಿಗೂ ವಯಸ್ಸಾಯಿತಲ್ಲ ಅಂತ ಬೇಜಾರಾಗಿತ್ತು. ಮೊಮ್ಮಗ ಬಂದು ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿಕೊಟ್ಟ, ಅರ್ಧದಷ್ಟು ವಯಸ್ಸು ಇಳಿಯಿತು. ಚಿತ್ರ ಅಡ್ಡಡ್ಡ ಹಿಗ್ಗಿದ್ದರೆ 4:3ಕ್ಕೆ ಇಡಿ, ಎಲ್ಲರೂ ದಪ್ಪಗೆ ಕಾಣುವುದು ತಪ್ಪುತ್ತದೆ. ಬಾತುಕೋಳಿ ಹೊಡೆಯುವ ಆಟದ ಆಟಿಕೆ ಬಂದೂಕು ಮಾತ್ರ ಚಪ್ಪಟೆ ಟಿವಿಯಲ್ಲಿ ಏನು ಮಾಡಿದರೂ ಕೆಲಸ ಮಾಡುವುದಿಲ್ಲ. ಕುದುರೆ ಎಳೆದ ಕೂಡಲೇ ಟಿವಿ ಒಂದು ಕ್ಷಣ ಕಪ್ಪಾಗಿ, ಗುರಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕು ಆ ಬೆಳಕನ್ನು ನೋಡಬೇಕು. ಟಿವಿ ತಡ ಮಾಡಿದರೆ ಬಂದೂಕಿಗೆ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಹಾಂ, ಟ್ಯೂಬ್ ಟಿವಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಆಫ್ ಮಾಡಿದ ಮೇಲೂ ಅದರೊಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಈಗ ಆಟ ತುಂಬಿರುವ ಕ್ಯಾಸೆಟ್ ವಿಷಯ. ಕಾರ್ಟ್ರಿಜ್ ಅಂತ ಹೇಳಬೇಕಂತೆ, ನನ್ನ ಬಾಯಿಗೆ ಕ್ಯಾಸೆಟ್ಟೇ ಬರುವುದು. ಆಟ ಬರಲಿಲ್ಲ ಅಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ, ಫೂ ಅಂತ ಊದುವುದು. ನಾನೂ ಊದಿದವಳೇ. ಊದಿದ ಮೇಲೆ ಆಟ ಬರುತ್ತಿತ್ತು ಅಂತ ನೀವು ವಾದಿಸಬಹುದು. ಬರುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಪಿನ್ನುಗಳು ಹೊಸ ಜಾಗದಲ್ಲಿ ತಾಗಿದವು, ಅಷ್ಟೆ. ಉಸಿರಿನ ತೇವ ಮಾತ್ರ ಲೋಹದ ಮೇಲೆ ಉಳಿದು ನಿಧಾನಕ್ಕೆ ತಿನ್ನುತ್ತದೆ.

ಎನ್‌ಇಎಸ್‌ನ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ ಮಾಡುತ್ತದಲ್ಲ, ಅದರ ಗುಟ್ಟೂ ಇದೇ. ಕನ್ಸೋಲಿನಲ್ಲೊಂದು, ಕ್ಯಾಸೆಟ್ಟಿನಲ್ಲೊಂದು ಕಾವಲು ಚಿಪ್ ಇರುತ್ತದೆ. ಎರಡೂ ಮಾತಾಡಿಕೊಳ್ಳುತ್ತಿರಬೇಕು. ಕೊಳೆ ಅಡ್ಡ ಬಂದು ಉತ್ತರ ಕೇಳದಿದ್ದರೆ, ಕನ್ಸೋಲ್ ಸೆಕೆಂಡಿಗೊಮ್ಮೆ ತನ್ನನ್ನು ತಾನೇ ರಿಸೆಟ್ ಮಾಡಿಕೊಳ್ಳುತ್ತದೆ. ಯಂತ್ರ ಸತ್ತಿಲ್ಲ, ಕಿವಿ ಮುಚ್ಚಿಕೊಂಡಿದೆ.

ಕ್ಲೀನ್ ಮಾಡಲು ಬೇಕಾದದ್ದು ಎರಡೇ. ಕಿವಿಗೆ ಹಾಕುವ ಹತ್ತಿಯ ಬಡ್ಸ್, ಮತ್ತು 90 ಶೇಕಡಕ್ಕಿಂತ ಜಾಸ್ತಿ ಇರುವ ಐಸೊಪ್ರೊಪೈಲ್ ಆಲ್ಕೋಹಾಲ್. ನೀರು ಬೆರೆಸಿದ್ದು ಬೇಡ. ಬಡ್ಸ್ ಅನ್ನು ಅದ್ದಿ, ಬಾಟಲಿಯ ಅಂಚಿಗೆ ಒತ್ತಿ ಹಿಂಡಿ. ತೊಟ್ಟಿಕ್ಕಬಾರದು. ಕ್ಯಾಸೆಟ್ಟನ್ನು ಬಾಯಿ ಕೆಳಗೆ ಮಾಡಿ ಹಿಡಿದುಕೊಂಡು, ಒಳಗಿನ ಹಸಿರು ಹಲಗೆಯ ಅಂಚಿನಲ್ಲಿರುವ ಚಿನ್ನದ ಬಣ್ಣದ ಪಟ್ಟಿಗಳನ್ನು ಒಳಗಿನಿಂದ ಹೊರಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಮೊದಲ ಬಡ್ಸ್ ಕಾಡಿಗೆಯಂತೆ ಕಪ್ಪಾಗಿ ಬರುತ್ತದೆ. ಎರಡನೆಯದು ಬೂದು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬೆಳ್ಳಗೆ ಉಳಿಯುತ್ತದೆ. ಹಿಂಬದಿಗೂ ಹೀಗೇ. ಹತ್ತು ನಿಮಿಷ ಆರಲು ಬಿಡಿ. ಮರಳು ಕಾಗದ ಹಾಕಬೇಡಿ. ಕೆಲವರು ಪೆನ್ಸಿಲ್ ರಬ್ಬರ್ ಹಾಕಿ ತಿಕ್ಕುತ್ತಾರೆ, ನನಗೆ ಅದೂ ಸೇರದು. ಮೇಲಿನ ಚಿನ್ನದ ಲೇಪ ಕೂದಲಿಗಿಂತ ತೆಳು, ತಿಕ್ಕಿದರೆ ಹೋಯಿತು ಅಂದುಕೊಳ್ಳಿ. ಹೊರಗಿನ ಚಿತ್ರದ ಚೀಟಿಗೆ ಆಲ್ಕೋಹಾಲ್ ತಾಗದಿರಲಿ.

ಕನ್ಸೋಲಿನ ಬಾಯಿಯೂ ಕೊಳೆಯಾಗಿರುತ್ತದೆ. ಕರೆಂಟ್ ತೆಗೆದಿಟ್ಟು, ಹೀಗೆ ಕ್ಲೀನ್ ಮಾಡಿದ ಕ್ಯಾಸೆಟ್ಟನ್ನೇ ಹತ್ತು ಸಲ ಹಾಕಿ ತೆಗೆಯಿರಿ, ಮತ್ತೆ ಒರೆಸಿ. ಕೊಳೆಯೆಲ್ಲ ಕ್ಯಾಸೆಟ್ಟಿಗೇ ಹತ್ತಿ ಹೊರಬರುತ್ತದೆ. ಎನ್‌ಇಎಸ್‌ನ 72 ಪಿನ್ನಿನ ಕನೆಕ್ಟರ್ ಸಡಿಲಾಗಿದ್ದರೆ ಹೊಸದು ಸಿಗುತ್ತದೆ. ಆದರೆ ಅಗ್ಗದ ಹೊಸತು ಕೆಲವು ಕ್ಯಾಸೆಟ್ಟನ್ನು ಎಷ್ಟು ಬಿಗಿಯಾಗಿ ಕಚ್ಚುತ್ತದೆ ಅಂದರೆ ಎಳೆಯಲು ಇಬ್ಬರು ಬೇಕು. ಹಳೆಯದನ್ನೇ ಕ್ಲೀನ್ ಮಾಡಿ ಉಳಿಸಿಕೊಳ್ಳುವುದು ಮೇಲು.

ಆಟವನ್ನು ಸೇವ್ ಮಾಡುವ ಕ್ಯಾಸೆಟ್ಟುಗಳ ಒಳಗೆ ಬಟನ್ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್ 2032. ಅದು ಮುಗಿದರೆ ಆಟ ಬರುತ್ತದೆ, ಸೇವ್ ಉಳಿಯುವುದಿಲ್ಲ. ಸೆಲ್ ಬದಲಾಯಿಸಿದರೂ ಒಳಗಿದ್ದ ಹಳೆ ಸೇವ್ ಹೋಗುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಸಿಡಿಯಬಹುದು. ಎರಡು ಕಾಲು ಅಂಟಿಸಿಯೇ ಬರುವ ಸೆಲ್ ಕೇಳಿ ತನ್ನಿ. 1987ರ ಎನ್‌ಇಎಸ್ ಜೆಲ್ಡಾದಂಥ ಆಟ ಆಡುವವರು ರಿಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಆಫ್ ಮಾಡಬೇಕು. ಇಲ್ಲದಿದ್ದರೆ ಆಫ್ ಆಗುವ ಆ ಕ್ಷಣದಲ್ಲಿ ಸೇವ್ ಕೆಡಬಹುದು. ಯಾವ ಆಟವಾದರೂ ಸರಿ, ಪವರ್ ಇರುವಾಗ ಕ್ಯಾಸೆಟ್ ಎಳೆಯಬೇಡಿ.

ಕಂಟ್ರೋಲರ್ ಬಟನ್ ಒತ್ತಿದರೆ ಏನೂ ಆಗುತ್ತಿಲ್ಲವೇ? ಹಿಂದಿನ ಸ್ಕ್ರೂ ಬಿಚ್ಚಿ. ಬಟನ್ ಕೆಳಗೆ ಒಂದು ರಬ್ಬರ್ ಹಾಳೆ, ಅದಕ್ಕೆ ಪುಟ್ಟ ಕರಿ ಬೊಟ್ಟುಗಳು. ಬೊಟ್ಟನ್ನೂ ಅದರ ಕೆಳಗಿನ ಹಲಗೆಯನ್ನೂ ಮೆಲ್ಲಗೆ ಒರೆಸಿ, ಮುಚ್ಚಿ. ನಿಂಟೆಂಡೊದ ಕ್ಯಾಸೆಟ್ಟುಗಳ ಸ್ಕ್ರೂ ಮಾತ್ರ ಬೇರೆ ಥರ, ಅವಕ್ಕೆ 3.8 ಮಿ.ಮೀ. ಬಿಟ್ ಬೇಕು. ಸೂಪರ್ ನಿಂಟೆಂಡೊ ಕನ್ಸೋಲಿನ ಡಬ್ಬ ಬಿಚ್ಚಲು 4.5. ಇಕ್ಕಳ ಹಾಕಿ ತಿರುಗಿಸಲು ಹೋದವರ ಪ್ಲಾಸ್ಟಿಕ್ ನಾನು ನೋಡಿದ್ದೇನೆ, ಬೇಡ.

ಬಿಳಿ ಡಬ್ಬ ಹಳದಿಯಾಗಿದ್ದರೆ ಅದು ಕೊಳೆಯಲ್ಲ, ಉಜ್ಜಿ ಸುಸ್ತಾಗಬೇಡಿ. ಬಿಸಿಲು ಮತ್ತು ವಯಸ್ಸು ಸೇರಿ ಪ್ಲಾಸ್ಟಿಕ್ಕೇ ಬಣ್ಣ ಬದಲಿಸಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ. ಒಂದೇ ಸಮ ಹಚ್ಚದಿದ್ದರೆ ಪಟ್ಟೆ ಪಟ್ಟೆ ಬರುತ್ತದೆ, ಮತ್ತೆ ಹಳದಿ ತಿರುಗುವುದೂ ಉಂಟು. ನನ್ನದು ಹಳದಿಯಾಗಿಯೇ ಇದೆ, ಆಟಕ್ಕೇನೂ ಅಡ್ಡಿಯಾಗಿಲ್ಲ. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರ ಸುಳಿಯಬಾರದು, ಪ್ಲಾಸ್ಟಿಕ್ ಕರಗುತ್ತದೆ.

ಆಡುವಾಗ ಡಬ್ಬ ಬೆಚ್ಚಗಾಗುವುದು ಸಹಜ. ಒಳಗೆ ಬರುವ 9, 10 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರ್ ಮಿಕ್ಕದ್ದನ್ನೆಲ್ಲ ಬಿಸಿಯಾಗಿ ಹೊರಹಾಕುತ್ತದೆ. ಅದಕ್ಕೇ ಗಟ್ಟಿ ಹಲಗೆಯ ಮೇಲಿಡಿ, ಹಾಸಿಗೆ, ಕಾರ್ಪೆಟ್ ಮೇಲೆ ಬೇಡ. ಧೂಳಿಗೆ ಅಂತ ಹೊದಿಸುವ ಬಟ್ಟೆ ಆಟ ಮುಗಿದು ಡಬ್ಬ ತಣ್ಣಗಾದ ಮೇಲೆ.

ಎತ್ತಿಡುವಾಗ ಕಂಟ್ರೋಲರ್ ವೈರನ್ನು ಕನ್ಸೋಲಿಗೇ ಬಿಗಿಯಾಗಿ ಸುತ್ತುವ ಅಭ್ಯಾಸ ಬಹಳ ಜನಕ್ಕಿದೆ. ವೈರಿನ ಮೆತ್ತನೆ ಪ್ಲಾಸ್ಟಿಕ್ ಗಟ್ಟಿ ಪ್ಲಾಸ್ಟಿಕ್‌ಗೆ ವರ್ಷಗಟ್ಟಲೆ ಒತ್ತಿಕೊಂಡಿದ್ದರೆ ಅಂಟಿ, ಕರಗಿದಂಥ ಗುರುತು ಬೀಳುತ್ತದೆ. ಅಂಗೈ ಅಗಲಕ್ಕೆ ಸಡಿಲವಾಗಿ ಸುತ್ತಿ, ಕಾಗದದಲ್ಲಿ ಸುತ್ತಿ ಬೇರೆ ಇಡಿ. ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಹಾಕಿ. ಕೆಲವು ತಿಂಗಳಿಗೊಮ್ಮೆ ತೆಗೆದು ಅರ್ಧ ಗಂಟೆ ಆಡಿ. ಒಳಗೆ ಅಡಾಪ್ಟರ್ ಇಡುವ ಮೊದಲು ಅದರ ಕುತ್ತಿಗೆಗೆ ದಾರದಲ್ಲೊಂದು ಚೀಟಿ ಕಟ್ಟಿ, ಯಾವ ಕನ್ಸೋಲಿನದು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ನನ್ನ ಫ್ಯಾಮಿಕಾಮ್ ಸುಟ್ಟ ದಿನ ರಾತ್ರಿಯೇ ನಾಲ್ಕಕ್ಕೂ ಚೀಟಿ ಕಟ್ಟಿದೆ, ಇವತ್ತಿಗೂ ಹಾಗೇ ಇವೆ.