ಲಕ್ಸುರಿ ಕಾರಿನ ಚೌಕಾಸಿ: ಕೊಟೇಶನ್ನಿನ ಕೆಳಗಿನ ಸಾಲುಗಳಿಂದ

ಶಿವಮೊಗ್ಗದಲ್ಲಿ ನಮ್ಮದು ಅಡಿಕೆ ಮಂಡಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೆಳಗಾದರೆ ದರದ ಮಾತೇ. 2025ರ ಕೊನೆಯಲ್ಲಿ ದೊಡ್ಡ ಸೆಡಾನ್ ಕೊಳ್ಳಲು ಹೊರಟಾಗ ಪರಿಚಯದವರೆಲ್ಲ ‘ನಿಮಗೇನ್ರೀ, ಚೌಕಾಸಿ ರಕ್ತದಲ್ಲೇ ಇದೆ’ ಅಂದರು. ಇರಬಹುದು. ಆದರೆ ಅಂಥ ಶೋರೂಮಿನಲ್ಲಿ ಚರ್ಮದ ಸೋಫಾದ ಮೇಲೆ ಕೂರಿಸಿ, ಕಾಫಿ ಕೊಟ್ಟು, ಹೆಂಡತಿಯನ್ನೂ ‘ಮೇಡಂ, ಬಣ್ಣ ಯಾವುದು ಇಷ್ಟ’ ಅಂತ ವಿಚಾರಿಸಿದ ಮೇಲೆ ‘ಎಷ್ಟು ಬಿಡ್ತೀರಿ’ ಅನ್ನಲು ನಮ್ಮ ಜನಕ್ಕೆ ಏನೋ ಸಂಕೋಚ. 60 ಲಕ್ಷ ಕೊಡುವವನು ಹತ್ತು ಸಾವಿರಕ್ಕೆ ಮಾತಾಡಬಾರದು ಅನ್ನುವ ಭಾವನೆ ಹುಟ್ಟಿಸುವುದಕ್ಕೇ ಆ ಸೋಫಾ ಇರುವುದು ಅಂತ ನನ್ನ ಅನುಮಾನ.

ಮೊದಲು ಎಲ್ಲಿ ಚೌಕಾಸಿಗೆ ಜಾಗವಿದೆ, ಎಲ್ಲಿ ಇಲ್ಲ ಅಂತ ತಿಳಿದುಕೊಂಡೆ. ಮರ್ಸಿಡಿಸ್ ಬೆಂಜ್ 2021ರ ಅಕ್ಟೋಬರ್‌ನಿಂದ ಭಾರತದಲ್ಲಿ ಮಾರುವ ಕ್ರಮವನ್ನೇ ಬದಲಿಸಿದೆ. ಕಾರಿನ ದಾಸ್ತಾನು ಕಂಪನಿಯದ್ದೇ, ಬಿಲ್ಲೂ ಕಂಪನಿಯದ್ದೇ. ಶೋರೂಮಿನವರಿಗೆ ಸಿಗುವುದು ಕಮಿಷನ್. ಹಾಗಾಗಿ ಬೆಂಗಳೂರಿಗೆ ಹೋದರೂ ಮಂಗಳೂರಿಗೆ ಹೋದರೂ ಕಾರಿನ ದರ ಒಂದೇ. ಕಂಪನಿಯೇ ಆಫರ್ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾತಾಡಿ ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರಿಗೆ ಅದು ಒಳ್ಳೆಯದೇ. ನನಗೆ ಸರಿಹೋಗಲಿಲ್ಲ. ಬಿಡದಿಯಲ್ಲಿ ಜೋಡಿಸುತ್ತಿದ್ದ ಲೆಕ್ಸಸ್ ಇಎಸ್ ಕೂಡ ನೋಡಿದೆವು, ಹಿಂದಿನ ಸೀಟು ಬಹಳ ಚೆನ್ನಾಗಿತ್ತು. ಕೊನೆಗೆ ಯಾವುದನ್ನು, ಯಾರ ಹತ್ತಿರ ಕೊಂಡೆ ಅಂತ ಹೇಳುವುದಿಲ್ಲ. ಮಾರಿದ ಹುಡುಗನ ಕೆಲಸಕ್ಕೆ ತೊಂದರೆಯಾಗಬಾರದು.

ಮಂಡಿಯಲ್ಲಿ ಬೆಳೆಗಾರರಿಗೆ ಕೊಡುವ ಪಟ್ಟಿಯಲ್ಲಿ ದರ ದೊಡ್ಡದಾಗಿ ಕಾಣುತ್ತದೆ. ಬುದ್ಧಿವಂತ ಬೆಳೆಗಾರ ಅದನ್ನು ನೋಡುವುದೇ ಇಲ್ಲ, ಹಮಾಲಿ ಎಷ್ಟು, ಕಡಿತ ಎಷ್ಟು, ಕೈಗೆ ಬರುವುದೆಷ್ಟು ಅಂತ ಕೆಳಗಿನಿಂದ ಓದುತ್ತಾನೆ. ಕಾರಿನ ಕೊಟೇಶನ್ನನ್ನೂ ನಾನು ಹಾಗೆಯೇ ಓದಿದೆ. ರಸ್ತೆ ತೆರಿಗೆ, ವಿಮೆ ಸೇರದ ಎಕ್ಸ್ ಶೋರೂಮ್ ದರದ ಬಗ್ಗೆ ಮೊದಲ ಭೇಟಿಯಲ್ಲಿ ಬಾಯಿಯೇ ಬಿಡಲಿಲ್ಲ. ‘ಆನ್ ರೋಡ್ ಪೂರ್ತಿ ವಿವರ ಬರೆದು ಕೊಡಿ, ಒಂದೊಂದು ಸಾಲೂ ಬೇರೆ ಬೇರೆ ಇರಲಿ’ ಅಂದೆ. ಬೆಂಗಳೂರಿನಲ್ಲೂ ಅದೇ ಮಾತು, ಮಂಗಳೂರಿನಲ್ಲೂ ಅದೇ ಮಾತು.

ಲೆಕ್ಕ ಸುಲಭವಾಗಲಿ ಅಂತ ಎಕ್ಸ್ ಶೋರೂಮ್ 60 ಲಕ್ಷ ಅಂದುಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆ ಶೇ 18. ಅದು 10.80 ಲಕ್ಷ. ಆ ತೆರಿಗೆಯ ಮೇಲೆ ಶೇ 11 ಸೆಸ್, ಅದು 1,18,800. ಎರಡೂ ಸೇರಿ ಹೆಚ್ಚುಕಡಿಮೆ 12 ಲಕ್ಷ. ಇದು ಸರ್ಕಾರಕ್ಕೆ ಹೋಗುವ ಹಣ, ಮಾತಾಡಿ ಪ್ರಯೋಜನವಿಲ್ಲ. 10 ಲಕ್ಷ ಮೀರಿದ ಕಾರಿಗೆ ಶೇ 1 ಟಿಸಿಎಸ್ ಇದೆ, ಅಂದರೆ ಮಾರುವವರೇ ವಸೂಲಿ ಮಾಡಿ ನಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಕಟ್ಟುವ ಹಣ, 60 ಸಾವಿರ. ಅದರ ಮಾತು ಆಮೇಲೆ. ಫಾಸ್ಟ್ಯಾಗ್, ನಂಬರ್ ಪ್ಲೇಟ್ ಚಿಲ್ಲರೆ ಬಾಬ್ತು. ಉಳಿದದ್ದು ವಿಮೆ, ಎಕ್ಸ್‌ಟೆಂಡೆಡ್ ವಾರಂಟಿ, ಸರ್ವಿಸ್ ಪ್ಯಾಕೇಜ್, ಆ್ಯಕ್ಸೆಸರಿ, ಮತ್ತೆ ‘ಹ್ಯಾಂಡ್ಲಿಂಗ್ ಚಾರ್ಜ್’ ಅನ್ನುವ ಒಂದು ಸಾಲು. ಆಟ ಇರುವುದೆಲ್ಲ ಇಲ್ಲಿ.

ಹ್ಯಾಂಡ್ಲಿಂಗ್ ಸಾಲನ್ನು ಶೋರೂಮಿನ ಹುಡುಗನಿಗೆ ತೋರಿಸಿ ‘ಇದು ಯಾವುದಕ್ಕೆ’ ಅಂತ ಕೇಳಿದೆ.

‘ಸರ್, ಗಾಡಿ ಯಾರ್ಡಿಂದ ತರೋದು, ತೊಳೆಯೋದು...’

‘ತೊಳೆಯದೇ ಮಾರ್ತೀರಾ?’

ನಕ್ಕುಬಿಟ್ಟ. ಆ ಸಾಲು ಆಗಲೇ ಹೋಯಿತು. ಕೇಳಿದವರಿಗೆ ತೆಗೆಯುತ್ತಾರೆ, ಕೇಳದವರಿಗೆ ಇರುತ್ತದೆ.

ವಿಮೆಗೆ ಮಾತ್ರ ಸ್ವಲ್ಪ ಬೆವರು ಹರಿಸಬೇಕಾಯಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 1500 ಸಿಸಿ ಮೀರಿದ ಕಾರಿಗೆ ಅದು ಸರ್ಕಾರವೇ ನಿಗದಿ ಮಾಡಿದ 24,596 ರೂಪಾಯಿ, ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಾದರೂ ಇಷ್ಟೇ. ನಮ್ಮ ಕಾರಿಗೇ ಆಗುವ ಹಾನಿಯ ಭಾಗ ಒಂದು ವರ್ಷದ್ದು ಸಾಕು, ಅದರ ದರ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಶೋರೂಮಿನ ಕೊಟೇಶನ್ನಿನಲ್ಲಿ ಇದೆಲ್ಲ ಒಂದೇ ಮೊತ್ತವಾಗಿ ನುಂಗಿಹೋಗಿರುತ್ತದೆ. ನಾನು ಪೂರ್ತಿ ವಿಂಗಡಿಸಿ ಕೇಳಿದೆ: ಐಡಿವಿ (ಕಾರು ಪೂರ್ತಿ ಹೋದರೆ ವಿಮೆಯವರು ಕೊಡುವ ಗರಿಷ್ಠ ಮೊತ್ತ) ಎಷ್ಟು, ಝೀರೋ ಡೆಪ್ (ಬಿಡಿಭಾಗ ಹಳೆಯದಾಯಿತು ಅಂತ ಕ್ಲೇಮಿನಲ್ಲಿ ಕಡಿತ ಮಾಡದ ಕವರ್) ಇದೆಯೇ, ರಿಟರ್ನ್ ಟು ಇನ್‌ವಾಯ್ಸ್ (ಕಾರು ಹೋದರೆ ಬಿಲ್ಲಿನ ಮೊತ್ತವನ್ನೇ ಕೊಡುವ ಕವರ್) ಇದೆಯೇ, ಎಂಜಿನ್ ಮತ್ತು ಟಯರ್ ಕವರ್‌ಗೆ ಎಷ್ಟೆಷ್ಟು ಅಂತ. ಹೊಸ ಕಾರಿನ ಐಡಿವಿ ಸಾಮಾನ್ಯವಾಗಿ ಎಕ್ಸ್ ಶೋರೂಮ್ ದರದ ಶೇ 95. ಅಂದರೆ 60 ಲಕ್ಷಕ್ಕೆ 57 ಲಕ್ಷ ಇರಬೇಕು. ಒಂದು ಕಡೆ ಪ್ರೀಮಿಯಂ ಅಗ್ಗ ಕಂಡಿತು, ನೋಡಿದರೆ ಐಡಿವಿಯನ್ನೇ ಇಳಿಸಿದ್ದರು. ಅದು ರಿಯಾಯಿತಿಯಲ್ಲ, ಕಾರು ಕಳೆದುಹೋದ ದಿನ ನಾವು ಕೊಡುವ ದಂಡ.

ಅದೇ ಐಡಿವಿ, ಅದೇ ಕವರ್‌ಗಳನ್ನು ನಮ್ಮೂರಿನ ಏಜೆಂಟರಿಗೆ ಕೊಟ್ಟು ದರ ತರಿಸಿದೆ. ಅಂತರ ಕಣ್ಣು ಕುಕ್ಕುವಷ್ಟಿತ್ತು. ಹೊರಗಿನ ಪಾಲಿಸಿ ತಂದರೆ ಕ್ಯಾಶ್‌ಲೆಸ್ ಆಗಲ್ಲ, ರಿಪೇರಿಗೆ ಮೊದಲು ನೀವೇ ದುಡ್ಡು ಕಟ್ಟಬೇಕು ಅಂತ ಶೋರೂಮಿನವರು ಹೆದರಿಸಿದರು. ಆ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ಅವರ ವರ್ಕ್‌ಶಾಪಿನ ಹೆಸರೇ ಇತ್ತು! ಫೋನಿನಲ್ಲಿ ತೋರಿಸಿದೆ. ತಮ್ಮಲ್ಲೇ ವಿಮೆ ಮಾಡಿಸಬೇಕು ಅಂತ ಡೀಲರು ಕಡ್ಡಾಯ ಮಾಡುವಂತಿಲ್ಲ ಅನ್ನುವುದು ಅವರಿಗೂ ಗೊತ್ತು. ಮ್ಯಾನೇಜರ್ ಹತ್ತಿರ ಹೋಗಿ ಬಂದು ಹೊರಗಿನ ದರಕ್ಕೇ ಇಳಿಸಿದರು. ದರ ಸಮವಾದ ಮೇಲೆ ಅವರಲ್ಲೇ ಮಾಡಿಸಿದೆ. ಗೀರು ಬಿದ್ದರೆ ಓಡಾಡುವುದು ತಪ್ಪುತ್ತದೆ.

ಎಕ್ಸ್‌ಚೇಂಜ್ ವಿಷಯಕ್ಕೆ ಬರುತ್ತೇನೆ. ನಮ್ಮ ಹಳೇ ಇನ್ನೋವಾಕ್ಕೆ ಊರಲ್ಲೇ ಇಬ್ಬರು ಹಳೇ ಕಾರಿನ ವ್ಯಾಪಾರಿಗಳಿಂದ ದರ ಕೇಳಿಕೊಂಡು ಸುಮ್ಮನಿದ್ದೆ. ಹೊಸ ಕಾರಿನ ಮೊತ್ತ ಬರಹದಲ್ಲಿ ಬರುವವರೆಗೆ ಇನ್ನೋವಾದ ಸುದ್ದಿ ಎತ್ತಲಿಲ್ಲ. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟರೆ ‘ಎಕ್ಸ್‌ಚೇಂಜ್ ಬೋನಸ್’ ಅಂತ ಒಂದು ಕೈಯಲ್ಲಿ ಕೊಟ್ಟು, ಹಳೇ ಗಾಡಿಯ ದರದಲ್ಲಿ ಇನ್ನೊಂದು ಕೈಯಲ್ಲಿ ತೆಗೆಯುತ್ತಾರೆ. ಬೋನಸ್ ಸೇರಿಸಿಯೂ ಅವರದ್ದು ಊರಿನ ದರಕ್ಕಿಂತ ಕಡಿಮೆ ಬಂತು. ಊರಲ್ಲೇ ಕೊಟ್ಟೆ.

ಈಗ ಕಾರಿನ ದರ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಬದಲಾಯಿತಲ್ಲ, ಅಲ್ಲಿಯವರೆಗೆ 1500 ಸಿಸಿ ಮೀರಿದ ದೊಡ್ಡ ಸೆಡಾನಿಗೆ ಶೇ 28 ತೆರಿಗೆ, ಶೇ 20 ಸೆಸ್, ಒಟ್ಟು 48 ಇತ್ತು. ಅದು 40ಕ್ಕೆ ಇಳಿಯಿತು. ಒಂದು ಶೋರೂಮಿನಲ್ಲಿ ಹಳೇ ದರ ಬರೆದು, ಗೆರೆ ಎಳೆದು, ಪಕ್ಕದಲ್ಲಿ ಹೊಸ ದರ ಬರೆದು ‘ನೋಡಿ ಸರ್, ಎಷ್ಟು ಕಡಿಮೆ ಮಾಡಿದ್ದೀವಿ’ ಅಂದರು. ಅದು ದೆಹಲಿ ಕಡಿಮೆ ಮಾಡಿದ್ದು, ನೀವೆಷ್ಟು ಅಂತ ಕೇಳಬೇಕಾಯಿತು. (ಸಂಸ್ಥೆಯ ಹೆಸರಲ್ಲಿ ಕೊಂಡರೂ ಸಾಮಾನ್ಯ ವ್ಯಾಪಾರಸ್ಥರಿಗೆ ಕಾರಿನ ಜಿಎಸ್‌ಟಿ ಕ್ರೆಡಿಟ್ ಸಿಗುವುದಿಲ್ಲ. ಇದನ್ನು ಕೇಳಿ ಬೇಜಾರಾಗುವವರು ಪ್ರತಿ ವರ್ಷ ಇರುತ್ತಾರೆ.)

ಡಿಸೆಂಬರ್ ಹಿಡಿದದ್ದು ಬೇಕಂತಲೇ. ಜನವರಿ 1 ಬಂತೆಂದರೆ ಯಾರ್ಡಿನಲ್ಲಿ ನಿಂತ ಕಾರು ‘ಹೋದ ವರ್ಷದ್ದು’ ಆಗಿಬಿಡುತ್ತದೆ. ಕಾರು ಕೊಂಡದ್ದು ನಮ್ಮ ಸಂಸ್ಥೆಯ ಹೆಸರಲ್ಲಿ, ಹಾಗಾಗಿ ನಮ್ಮ ಆಡಿಟರ್‌ಗೆ ಇದು ಹಿಡಿಸಲಿಲ್ಲ: 180 ದಿನಕ್ಕಿಂತ ಕಡಿಮೆ ಬಳಸಿದರೆ ಆ ವರ್ಷ ಶೇ 15ರ ಬದಲು ಅದರ ಅರ್ಧ ಸವಕಳಿ (ಕಾರಿನ ಬೆಲೆಯಲ್ಲಿ ವರ್ಷವರ್ಷ ಖರ್ಚು ಅಂತ ತೋರಿಸುವ ಭಾಗ) ಮಾತ್ರ, ಅಕ್ಟೋಬರ್ ಶುರುವಿನೊಳಗೆ ಕೊಂಡಿದ್ದರೆ ಪೂರ್ತಿ ಸಿಗುತ್ತಿತ್ತು ಅಂದರು. ಆದರೆ ಸವಕಳಿ ಎಲ್ಲೂ ಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಉಳಿಯುತ್ತದೆ. ವರ್ಷಾಂತ್ಯದ ರಿಯಾಯಿತಿ ಉಳಿಯುವುದಿಲ್ಲ.

ಯಾರ್ಡಿನಲ್ಲಿದ್ದ ಕಾರುಗಳ ತಯಾರಿಕೆಯ ತಿಂಗಳು ಕೇಳಿದೆ. ನಮ್ಮವಳು ಮೆಚ್ಚಿದ ಬಣ್ಣದ್ದು ಮಳೆಗಾಲದಿಂದ ನಿಂತಿತ್ತು. ಶೋರೂಮಿನವರು ಕಂಪನಿಗೆ ದುಡ್ಡು ಕಟ್ಟಿ ತಂದ ಗಾಡಿ, ಬಡ್ಡಿ ಓಡುತ್ತಿರುತ್ತದೆ. ‘ಇದೇ ಗಾಡಿ ಈ ತಿಂಗಳೊಳಗೆ ತಗೊಳ್ತೀನಿ, ಟಯರ್ ಬ್ಯಾಟರಿ ನನ್ನ ಮೆಕ್ಯಾನಿಕ್ ನೋಡ್ಲಿ, ಮಂಗಳೂರಿನ ದರ ಇಲ್ಲಿದೆ’ ಅಂತ ಕಾಗದ ಮುಂದಿಟ್ಟೆ. ರಾಜ್ಯ ಒಂದೇ, ರಸ್ತೆ ತೆರಿಗೆ ಒಂದೇ. ಹಾಗಾಗಿ ಎರಡು ಊರಿನ ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ನಗದು ಇಳಿಕೆ ಒಂದು ಹಂತಕ್ಕೆ ನಿಂತಿತು. ಅಲ್ಲಿಂದ ಮುಂದೆ ದುಡ್ಡು ಕೇಳುವುದು ಬಿಟ್ಟು ಸರ್ವಿಸ್ ಪ್ಯಾಕೇಜ್ ಕೇಳಿದೆ. ನಮಗೆ ಲಕ್ಷ ಲೆಕ್ಕದಲ್ಲಿ ಮಾರುವುದನ್ನು ಕೊಡಲು ಅವರಿಗೆ ಅಷ್ಟು ಖರ್ಚಿರುವುದಿಲ್ಲ, ಕೈ ಬೇಗ ಸಡಿಲವಾಗುತ್ತದೆ. ಸೆರಾಮಿಕ್ ಕೋಟಿಂಗ್ ಬೇಡ ಅಂದೆ. ಸಾಲದ ಮಾತು ಕೊನೆಗೆ ಆಡಿದೆ. ಅವರ ಫೈನಾನ್ಸ್‌ನ ಕಂತು ಚಿಕ್ಕದು, ಆದರೆ ಕೊನೆಯಲ್ಲಿ ಒಂದೇ ಸಲ ದೊಡ್ಡ ಮೊತ್ತ ಕಟ್ಟುವ ಷರತ್ತು. ನಮ್ಮ ಬ್ಯಾಂಕೇ ವಾಸಿ.

ಎಲ್ಲ ಸೇರಿ ಮೊದಲ ಕೊಟೇಶನ್ನಿಗಿಂತ ನಾಲ್ಕು ಲಕ್ಷದ ಆಸುಪಾಸು ಇಳಿಯಿತು. ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಬೇಕು, ಆಮೇಲೆ ಕೊಡುತ್ತೇವೆ ಅನ್ನುವುದು ಬೇಡ ಅಂತ ಪಟ್ಟು ಹಿಡಿದೆ. ಬಿಲ್ಲಿನಲ್ಲಿ ಇಳಿದರೆ ಟಿಸಿಎಸ್ ಕೂಡ ಇಳಿದ ಮೊತ್ತದ ಮೇಲೇ ಬೀಳುತ್ತದೆ. ‘ಸ್ವಲ್ಪ ಕ್ಯಾಶ್ ಕೊಡ್ತೀರಾ’ ಅಂತ ಕೇಳಿದರು. ಎರಡು ಲಕ್ಷ ಮತ್ತು ಮೇಲೆ ನಗದು ತೆಗೆದುಕೊಳ್ಳುವಂತಿಲ್ಲ ಅನ್ನುವ ಕಾನೂನು ಅವರಿಗೇ ಮುಳ್ಳು, ಪೂರ್ತಿ ಬ್ಯಾಂಕಿನಿಂದಲೇ ಹೋಯಿತು.

ಬಾಕಿ ಕಟ್ಟುವ ಮೊದಲು ಫಾರಂ 21ರ, ಅಂದರೆ ಡೀಲರು ಕೊಡುವ ಮಾರಾಟ ಪ್ರಮಾಣಪತ್ರದ, ಕರಡು ತರಿಸಿ ಚಾಸಿ ನಂಬರು, ತಯಾರಿಕೆಯ ತಿಂಗಳು ನಾನು ನೋಡಿದ ಗಾಡಿಯದ್ದೇ ಅಂತ ತಾಳೆ ಹಾಕಿದೆ. ಟಿಸಿಎಸ್‌ಗೆ ಸಂಸ್ಥೆಯ ಪ್ಯಾನ್ ಕೊಟ್ಟಿದ್ದೆ. ನಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲಿ ಮೊತ್ತ ಬಂದಿದೆಯೇ ಅಂತ ಆಡಿಟರ್ ನೋಡಿಕೊಳ್ಳುತ್ತಾರೆ, ರಿಟರ್ನ್ ಹಾಕುವಾಗ ಅದು ನಮ್ಮ ತೆರಿಗೆಗೆ ವಜಾ ಆಗುತ್ತದೆ.