ಶಹಾಬಾದ್ ಫರ್ಸಿ ಮ್ಯಾಲ ಕೆಂಪು ಟೇಪ್

ನಾನು ಕಲಬುರಗಿಯೊಳಗ ಮನಿಮನಿಗೆ ಹೋಗಿ ಫಿಜಿಯೋಥೆರಪಿ ಮಾಡ್ತೀನಿ. ಒಬ್ರು ಅಜ್ಜಾರು, ಪಾರ್ಕಿನ್ಸನ್ ಆಗಿ ಏಳು ವರ್ಷ, ಕೈ ನಡುಗೋದಕ್ಕಿಂತ ಅವರಿಗೆ ತ್ರಾಸ ಆಗಿದ್ದು ಕಾಲು ಅಂಟಿಕೊಳ್ಳೋದು. ಹಾಲ್‌ದಾಗ ಛಲೋ ನಡೀತಿದ್ರು, ಬಚ್ಚಲ ಬಾಗಿಲಿಗೆ ಬಂದ್ರ ಮುಗೀತು, ಎರಡೂ ಪಾದ ಫರ್ಸಿಗೆ ಫೆವಿಕಾಲ್ ಹಚ್ಚಿದಂಗ, ಮೈ ಮುಂದ ವಾಲ್ತದ ಕಾಲು ಬರಂಗಿಲ್ಲ. ಮನ್ಯಾಗಿನವರು "ನಡೀರಿ ನಡೀರಿ" ಅಂತ ಕೈ ಹಿಡಿದು ಎಳೀತಿದ್ರು, ಖರೇ ಹೇಳಬೇಕಂದ್ರ ಮೊದಲ ವಾರ ನಾನೂ ಅದನ್ನೇ ಮಾಡ್ದೆ. ಒಮ್ಮೆ ಇಬ್ರೂ ಬೀಳೋದಿತ್ತು.

ಈ ರೋಗದಾಗ ಮಿದುಳಿನೊಳಗ ಡೋಪಮಿನ್ ಅನ್ನೋ ರಾಸಾಯನಿಕ ಕಡಿಮಿ ಆಗ್ತದ, ಕಾಲಾಗ ಶಕ್ತಿ ಇರ್ತದ, ಆದ್ರ ತಾನಾಗೇ ಹೆಜ್ಜಿ ಬೀಳೋ ಆಟ ಕೆಡ್ತದ, ಅದಕ್ಕ ಹೊರಗಿಂದ ಕಣ್ಣಿಗೋ ಕಿವಿಗೋ ಒಂದು ಗುರ್ತು ಕೊಡಬೇಕು. ಕ್ಯೂಯಿಂಗ್ ಅಂತೀವಿ. ಅವರ ಮನ್ಯಾಗ ಎರಡು ಫೂಟಿನ ಶಹಾಬಾದ್ ಫರ್ಸಿ, ಅದರ ಸಂದಿನೇ ಗೆರಿ ಆಗ್ತಾವ, ಸಾಕು ಅಂದ್ಕೊಂಡೆ, ಆದ್ರ ಅವರ ಹೆಜ್ಜಿ ಅಷ್ಟು ಬರಂಗಿಲ್ಲ, ಮ್ಯಾಲ ಬೂದು ಕಲ್ಲಿಗೆ ಬೂದು ಸಂದಿ ಕಾಣೋದೂ ಇಲ್ಲ. ಕೆಂಪು ಟೇಪ್ ತಂದು ಒಂದೂಕಾಲು ಫೂಟಿಗೊಂದು ಅಡ್ಡ ಗೆರಿ ಹಚ್ಚಿದೆ, ಹಾಲ್ ತುಂಬ. ಶಾಣ್ಯಾತನ ನೋಡ್ರಿ, ಕಾಲು ನಿಲ್ಲೋದು ಬಚ್ಚಲದಾಗ! ಆಮ್ಯಾಲ ಹೊಸ್ತಿಲ ಮುಂದ ಎರಡು, ಒಳಗ ಒಂದು. ಒಳಗಿಂದು ನೀರಿಗೆ ಕಿತ್ತು ಬಂತು, ಆಯಿಲ್ ಪೇಂಟ್ ಹೊಡದ್ವಿ. ನಿಂತ್ರ ನಿಲ್ರಿ, ಉಸಿರು ಬಿಡ್ರಿ, ಭಾರ ಎಡಕ್ಕ ಬಲಕ್ಕ ತೂಗ್ರಿ, ಆಮ್ಯಾಲ ಗೆರಿ ದಾಟ್ರಿ, ಹಿಮ್ಮಡಿ ಮೊದಲ. ಹೊಳ್ಳೋದು ನಿಂತಲ್ಲೇ ಗಿರಕಿ ಅಲ್ಲ, ಎತ್ತಿನ ಬಂಡಿ ಹೊಳ್ಳಿಸಿದಂಗ ದೊಡ್ಡ ಸುತ್ತು.

ಕಿವಿಗೆ ಗುರ್ತು ಕೊಡಾಕ ಮೊಬೈಲಿನಾಗ ಮೆಟ್ರೊನೋಮ್ (ಒಂದೇ ಲಯದಾಗ ತಾಳ ಹಾಕೋದು) ಹಚ್ಚಿದೆ, ಅದರ ಟಿಕ್ ಟಿಕ್ ಅವರಿಗೆ ಸಿಟ್ಟು ಬರಿಸ್ತು. ಅಜ್ಜಾರು ಮೊದಲ ಭಜನಿದಾಗ ತಾಳ ಹೊಡೀತಿದ್ರಂತ, ಅಜ್ಜಿಗೆ ಆ ತಾಳ ಕೊಟ್ಟು ಬಾರಸ್ರಿ ಅಂದೆ, ಹೆಜ್ಜಿ ತಾನೇ ಬಂತು.

ಪಾರ್ಕಿನ್ಸನ್ ಇದ್ದವರಿಗೆ 'ಬಿಗ್' ಅಂತ ಒಂದು ವ್ಯಾಯಾಮ ಪದ್ಧತಿ ಅದ, ವಾರಕ್ಕ 4 ದಿನ, 4 ವಾರ, ಒಟ್ಟು 16 ಸೆಷನ್, ಒಂದೊಂದು ತಾಸು. ಅದರ ಸರ್ಟಿಫಿಕೇಟ್ ನನ್ನ ಹತ್ರ ಇಲ್ಲ, ಕೈಕಾಲು ಬೇಕಂತಲೇ ದೊಡ್ಡದಾಗಿ ಬೀಸೋ ವಿಚಾರ ಅಷ್ಟೇ ತಗೊಂಡೆ.

ಮತ್ತೊಂದು ತಪ್ಪು ಟೈಮಿಂದು. ನಾನು ಹೋಗ್ತಿದ್ದದ್ದು ಸಂಜಿ ನಾಲ್ಕಕ್ಕ, ಲೆವೊಡೋಪಾ (ಮೈಯಾಗ ಡೋಪಮಿನ್ ಆಗೋ ಔಷಧ) ಗುಳಿಗಿ ಐದಕ್ಕ, ಅಂದ್ರ ಔಷಧದ ಜೋರು ಇಳದಾಗ ಎಕ್ಸರ್ಸೈಜ್! ಗುಳಿಗಿ ನುಂಗಿ ಒಂದು ತಾಸಿಗೆ ಬದಲಿಸಿದೆ. ಊಟದ ಹೊತ್ತಿನ ಗುಳಿಗಿ ತೊಗರಿ ಬ್ಯಾಳಿ ಜೋಡಿನೇ ನುಂಗ್ತಿದ್ರು, ಬ್ಯಾಳಿಯೊಳಗಿನ ಪ್ರೋಟೀನ್ ಔಷಧ ಮೈಗೆ ಹತ್ತೋದಕ್ಕ ಅಡ್ಡ ಬರ್ತದ, ಡಾಕ್ಟರಿಗೆ ಕೇಳಿ ಊಟಕ್ಕ ಅರ್ಧ ತಾಸು ಮೊದಲ ಮಾಡ್ಸಿದ್ವಿ.

ಈಗ ಬಚ್ಚಲಕ್ಕ ಒಬ್ರೇ ಹೋಗ್ತಾರ. ಫೋನ್ ಬಂದ್ರ ಮಾತ್ರ ಈಗೂ ಕಾಲು ನಿಲ್ತಾವ, ನಡಿಯೋಮುಂದ ಮಾತಾಡಬ್ಯಾಡ್ರಿ ಅಂದ್ರ ಕೇಳಂಗಿಲ್ಲ, ಮೊಬೈಲ್ ಸೊಸಿ ಕೈಯಾಗ ಕೊಟ್ಟು ಬಂದೀನಿ.