ಅತ್ರಿಯ ಪಕ್ಕದ ಎಂ40: ನೀಹಾರಿಕೆ ಎಂದುಕೊಂಡ ಜೋಡಿ ನಕ್ಷತ್ರವನ್ನು ಕಲಬುರಗಿಯಿಂದ ನೋಡುವ ಬಗೆ

17ನೇ ಶತಮಾನದಲ್ಲಿ ಖಗೋಳಜ್ಞ ಹೆವೆಲಿಯಸ್ ಸಪ್ತರ್ಷಿ ಮಂಡಲದಲ್ಲಿ ಒಂದು ನೀಹಾರಿಕೆ ಇದೆ ಎಂದು ಬರೆದಿಟ್ಟ. 1764ರ ಅಕ್ಟೋಬರ್ 24ರಂದು ಇನ್ನೊಬ್ಬ ಖಗೋಳಜ್ಞ ಮೆಸ್ಸಿಯೇ ಅದನ್ನು ಹುಡುಕಿದಾಗ ಸಿಕ್ಕಿದ್ದು ಎರಡು ಮಸುಕು ನಕ್ಷತ್ರ ಮಾತ್ರ. ಹೆವೆಲಿಯಸ್ ಇವನ್ನೇ ಮಂಜೆಂದು ತಿಳಿದಿರಬೇಕು ಎಂದುಕೊಂಡು, ಮೆಸ್ಸಿಯೇ ಮಂಜಿನಂತೆ ಕಾಣುವ ಆಕಾಶಕಾಯಗಳ ತನ್ನ ಪಟ್ಟಿಗೆ 40ನೆಯದಾಗಿ ಸೇರಿಸಿದ. ಅದೇ ಎಂ40. ಆ ತಪ್ಪು ಹೇಗೆ ಆಗುತ್ತದೆಂದು ನೀವೂ ಕಣ್ಣಾರೆ ನೋಡಬಹುದು.

70 ಮಿ.ಮೀ. ವ್ಯಾಸ, 700 ಮಿ.ಮೀ. ನಾಭಿದೂರದ ದೂರದರ್ಶಕ, 25 ಮತ್ತು 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಸಾಕು. ಏಪ್ರಿಲ್ ನಡುವೆ ರಾತ್ರಿ 11ಕ್ಕೆ, ಮೇ ಮೊದಲ ವಾರ 10ಕ್ಕೆ ಇದು ಉತ್ತರದಲ್ಲಿ ಸುಮಾರು 49 ಡಿಗ್ರಿ ಎತ್ತರಕ್ಕೆ ಬರುತ್ತದೆ. ಊರಿನ ಬೆಳಕು ಬೆನ್ನಿಗಿರಬೇಕು, ಹಾಗಾಗಿ ಹುಮನಾಬಾದ್ ರಸ್ತೆಯ ಕಡೆ ಹೋಗಿ. ಶಹಾಬಾದಿ ಪರಸಿ ಹಾಸಿದ ಮಾಳಿಗೆ ಬೇಡ. ಹಗಲಿನ ಬಿಸಿಲು ಕುಡಿದ ಕಲ್ಲು ರಾತ್ರಿಯೂ ಶಾಖ ಬಿಡುತ್ತದೆ, ನಕ್ಷತ್ರ ನೀರಿನೊಳಗಿನಂತೆ ಅಲುಗುತ್ತದೆ. ಹೊಲದ ಮಣ್ಣೇ ಒಳ್ಳೆಯದು.

ಸಪ್ತರ್ಷಿಗಳಲ್ಲಿ ಎಲ್ಲಕ್ಕಿಂತ ಮಸುಕಾದ ಅತ್ರಿಯನ್ನು 25 ಮಿ.ಮೀ. ಐಪೀಸಿನಲ್ಲಿ ಹಿಡಿಯಿರಿ. ಮೇಲೆ ಹೇಳಿದ ಹೊತ್ತಿನಲ್ಲಿ, ಬರಿಗಣ್ಣಿನ ಲೆಕ್ಕಕ್ಕೆ, ಕೆಳಗೆ ಬಲಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ದೂರದಲ್ಲಿ 5.5 ಕಾಂತಿಯ (ಈ ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಸುಕು), ನಕಾಶೆಯಲ್ಲಿ ಸಪ್ತರ್ಷಿ ಮಂಡಲದ 70 ಎಂದು ಗುರುತಿಸಿದ ನಕ್ಷತ್ರವಿದೆ. ಅದೇ ಗೆರೆಯಲ್ಲಿ ಚಂದ್ರನ ಅರ್ಧ ಅಗಲದಷ್ಟು ಮುಂದೆ ಹೋದರೆ ಎಂ40. ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿಯೇ: ಡಯಾಗನಲ್ (ನೋಟವನ್ನು ತಿರುಗಿಸುವ ಕನ್ನಡಿ) ಹಾಕಿದ್ದರೆ ಬಲ ಎಡವಾಗುತ್ತದೆ.

ಮೊದಲು 25 ಮಿ.ಮೀ. ಐಪೀಸಿನ 28 ಪಟ್ಟಿನಲ್ಲಿ ಫೋಕಸ್ಸನ್ನು ಬೇಕೆಂದೇ ತುಸು ಕೆಡಿಸಿ ನೋಡಿ. ಸುಮಾರು 9.7 ಮತ್ತು 10.1 ಕಾಂತಿಯ ಎರಡೂ ಕರಗಿ ಮಂಜಿನ ತುಣುಕಿನಂತೆ ಕಾಣುತ್ತವೆ. ಫೋಕಸ್ ಸರಿಮಾಡಿ, 10 ಮಿ.ಮೀ. ಐಪೀಸಿನಿಂದ 70 ಪಟ್ಟಿಗೆ ಏರಿಸಿದರೆ ಎರಡು ಚುಕ್ಕಿ ಬೇರೆಯಾಗುತ್ತವೆ, ಸುತ್ತ ಮಂಜು ಉಳಿಯುವುದಿಲ್ಲ. ನಿಜವಾದ ನೀಹಾರಿಕೆಯಾದರೆ ಹೀಗೆ ಒಡೆಯುತ್ತಿರಲಿಲ್ಲ.

ಅಡ್ಡಗೆರೆಯ ಐಪೀಸ್ ಇದ್ದರೆ ಅಂತರವನ್ನೂ ಅಳೆಯಿರಿ. ದೂರದರ್ಶಕವನ್ನು ಆಕಾಶದೊಂದಿಗೆ ತಿರುಗಿಸುವ ಮೋಟಾರ್ ಇದ್ದರೆ ನಿಲ್ಲಿಸಿ, ಒಂದು ನಕ್ಷತ್ರ ಗೆರೆ ದಾಟಿದ ಮೇಲೆ ಇನ್ನೊಂದು ದಾಟುವವರೆಗಿನ ಸಮಯ ಹಿಡಿಯಿರಿ. ಗೆರೆ ಉತ್ತರ-ದಕ್ಷಿಣವಾಗಿ ನಿಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಹತ್ತು ಸಲದ ಸರಾಸರಿ 6.5 ಸೆಕೆಂಡಿನ ಆಸುಪಾಸು ಬರಬೇಕು. ಧ್ರುವದಿಂದ ಇಷ್ಟು ದೂರದಲ್ಲಿರುವ ಆಕಾಶ ಸೆಕೆಂಡಿಗೆ ಸುಮಾರು 8 ಆರ್ಕ್ ಸೆಕೆಂಡ್ (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಸರಿಯುತ್ತದೆ, ಗುಣಿಸಿದರೆ 52. 1863ರಲ್ಲಿ ಖಗೋಳಜ್ಞ ವಿನೆಕೆ ಅಳೆದಾಗ ಇದು 49ರಷ್ಟಿತ್ತು. ಅಂತರ ಬೆಳೆದದ್ದಕ್ಕೆ ಕಾರಣ, ಇವು ಒಂದನ್ನೊಂದು ಸುತ್ತುವ ಜೋಡಿಯಲ್ಲ: ಗಾಯಾ ಉಪಗ್ರಹದ ಅಳತೆಯಂತೆ ಒಂದು ಸುಮಾರು 1,100 ಜ್ಯೋತಿರ್ವರ್ಷ ದೂರ, ಮತ್ತೊಂದು 460. ಹೆಚ್ಚು ಹೊಳೆಯುವುದೇ ದೂರದ್ದು.